ಹಳೆಯ ಹೃದಯ ಹೊಸದಾದೀತೇ?

ರಾಜಾಜಿನಗರದ ಕಥೋಲಿಕ ಮನೆಗಳಲ್ಲಿ ಹಜಾರದ ಗೋಡೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಪಟ, ಅದರ ಕೆಳಗೊಂದು ಚಿಕ್ಕ ಕೆಂಪು ದೀಪ ಕಾಣುವುದು ಸಾಮಾನ್ಯ. ಜೂನ್ ತಿಂಗಳು ಬಂತೆಂದರೆ ಆ ಪಟದ ಮುಂದೆ ಮನೆಯವರೆಲ್ಲ ಮೊಣಕಾಲೂರುವ ರೂಢಿ ಇನ್ನೂ ಅನೇಕ ಕುಟುಂಬಗಳಲ್ಲಿ ಉಳಿದಿದೆ. ಅಲ್ಲಿ ನಾವು ಬೇಡುವುದು ಹೊಸ ಹೃದಯವನ್ನು. ಅದೇ ಮನೆಯ ಒಳಕೋಣೆಯಲ್ಲಿ ಇನ್ನೊಂದು ಹೃದಯದ ಮಾತು ನಡೆಯುತ್ತಿರುತ್ತದೆ. "ತಾತನ ಹಾರ್ಟು ವೀಕ್ ಆಗಿದೆಯಂತೆ, ಪಂಪಿಂಗ್ ಮೂವತ್ತು ಪರ್ಸೆಂಟ್ ಮಾತ್ರ ಇದೆಯಂತೆ" ಎಂದು ಮಗಳು ತಗ್ಗಿದ ದನಿಯಲ್ಲಿ ಫೋನಿನಲ್ಲಿ ಹೇಳುತ್ತಾಳೆ. ದೂರದೇಶದಲ್ಲಿರುವ ಮಗ ಆ ಕಡೆಯಿಂದ ಕೇಳುತ್ತಾನೆ: "ಇದಕ್ಕೆ ಹೊಸದಾಗಿ ಏನೋ ಬಂದಿದೆಯಂತಲ್ಲ, ಸ್ಟೆಮ್ ಸೆಲ್ ಅಂತೆ, ಮಾಡಿಸಬಾರದೇ?"

ಮಗನ ಪ್ರಶ್ನೆ ಪ್ರೀತಿಯಿಂದ ಹುಟ್ಟಿದ್ದು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಾಂಸದ ಹೃದಯ ಮುಪ್ಪಿನಲ್ಲಿ ಏನಾಗುತ್ತದೆ? ಸವೆದ ಮೇಲೆ ಅದು ಮತ್ತೆ ಹೊಸದಾಗಬಲ್ಲದೇ? ಹೊಸದಾಗಿಸಲು ಎಷ್ಟು ಬೆಲೆ ತೆರಬಹುದು, ಆ ಬೆಲೆಯನ್ನು ತೆರುವವರು ಯಾರು? ಮೊದಲ ಎರಡಕ್ಕೆ ವಿಜ್ಞಾನ ಉತ್ತರ ಹೇಳುತ್ತದೆ. ಮೂರನೆಯದಕ್ಕೆ ಉತ್ತರ ಹೇಳಬೇಕಾದವರು ನಾವು, ನಮ್ಮ ನಮ್ಮ ಮನೆಗಳಲ್ಲಿ.

ದುಡಿಯುತ್ತಲೇ ಮುಪ್ಪಾಗುವ ಸ್ನಾಯು

ರಾಜಾಜಿನಗರ ದುಡಿಯುವವರ ಬಡಾವಣೆಯಾಗಿ ಬೆಳೆದದ್ದು. ಕೈಗಾರಿಕಾ ವಸಾಹತು, ಕಾರ್ಮಿಕರ ಮನೆಗಳು, ಇಎಸ್‌ಐ ಆಸ್ಪತ್ರೆ ಇವೆಲ್ಲ ಅದರ ಗುರುತುಗಳು. ಪಾಳಿಯ ಮೇಲೆ ಪಾಳಿ ದುಡಿದು ನಿವೃತ್ತರಾದ ಹಿರಿಯರು ಇಲ್ಲಿ ಬೀದಿಬೀದಿಗೂ ಇದ್ದಾರೆ. ಅವರಿಗೆ ಹೃದಯದ ಕತೆ ಬೇಗ ಅರ್ಥವಾದೀತು. ಅದು ಎಂದೂ ರಜೆ ಪಡೆಯದ ಕಾರ್ಮಿಕ. ನಿಮಿಷಕ್ಕೆ 70 ಬಡಿತವೆಂದರೆ ದಿನಕ್ಕೆ ಸುಮಾರು 1 ಲಕ್ಷ ಬಡಿತ. ಎಪ್ಪತ್ತೈದು ವರ್ಷ ಬಾಳಿದವರ ಹೃದಯ 275 ಕೋಟಿಗೂ ಹೆಚ್ಚು ಸಲ ಬಡಿದಿರುತ್ತದೆ.

ಇಷ್ಟು ದುಡಿದ ಸ್ನಾಯು ವಯಸ್ಸಾದಂತೆ ಬದಲಾಗುವುದು ಸಹಜ. ಮಹಾಪಧಮನಿಯೂ ಇತರ ದೊಡ್ಡ ರಕ್ತನಾಳಗಳೂ ಎಳೆತನದ ಮೆತುವನ್ನು ಕಳೆದುಕೊಂಡು ಗಡುಸಾಗುತ್ತವೆ. ಗಡುಸಾದ ನಾಳಕ್ಕೆ ರಕ್ತವನ್ನು ದೂಡಲು ಹೃದಯ ಹೆಚ್ಚು ಬಲ ಹಾಕಬೇಕು. ಅದರಿಂದ ಎಡ ಹೃತ್ಕುಕ್ಷಿಯ ಗೋಡೆ ತುಸು ದಪ್ಪವಾಗುತ್ತದೆ. ಸ್ನಾಯುಕೋಶಗಳ ನಡುವೆ ನಾರು ಹೆಚ್ಚುತ್ತದೆ. ಕವಾಟಗಳಲ್ಲಿ ಸುಣ್ಣದ ಅಂಶ ಕೂಡಿಕೊಳ್ಳಬಹುದು. ಬಡಿತಕ್ಕೆ ಲಯ ಕೊಡುವ ಕೋಶಗಳು ಕಡಿಮೆಯಾಗುತ್ತವೆ.

ಮುಪ್ಪಿನ ಹೃದಯಕ್ಕೆ ಕುಗ್ಗಿ ರಕ್ತವನ್ನು ಹೊರಗೆ ದೂಡುವುದಕ್ಕಿಂತ, ದೂಡಿದ ಮೇಲೆ ಸಡಿಲಗೊಂಡು ಮತ್ತೆ ತುಂಬಿಕೊಳ್ಳುವುದೇ ಕಷ್ಟ. ಅದಕ್ಕೇ ಆರೋಗ್ಯವಂತರಾದ ಹಿರಿಯರು ಕೂಡ ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಉಸಿರು ತೆಗೆದುಕೊಳ್ಳುವುದುಂಟು. ನಿಂತು ನಿಂತು ಹತ್ತುವ ತಾತನನ್ನು ಹಿಂದಿನಿಂದ ಅವಸರಪಡಿಸುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಆದರೆ ಮೆಟ್ಟಿಲು ಹತ್ತುವಾಗ ಎದೆನೋವು ಬಂದರೆ, ಇದ್ದಕ್ಕಿದ್ದಂತೆ ಏದುಸಿರು ಹೆಚ್ಚಿದರೆ, ಕಾಲು ಊದಿಕೊಂಡರೆ ಅದನ್ನು ಮುಪ್ಪು ಎಂದು ಬಿಟ್ಟುಬಿಡದೆ ವೈದ್ಯರಿಗೆ ತೋರಿಸಬೇಕು.

ಮುಪ್ಪು ಬೇರೆ, ಹೃದಯಾಘಾತ ಬೇರೆ. ರಕ್ತನಾಳ ಕಟ್ಟಿಕೊಂಡು ರಕ್ತ ಸಿಗದೆ ಹೋದಾಗ ಆ ಭಾಗದ ಸ್ನಾಯು ಸಾಯುತ್ತದೆ. ಕೈ ಕೊಯ್ದುಕೊಂಡರೆ ಹೊಸ ಚರ್ಮ ಬರುತ್ತದೆ. ಪಿತ್ತಕೋಶದ, ಅಂದರೆ ಲಿವರಿನ ಒಂದು ಭಾಗವನ್ನು ಮಗ ತಂದೆಗೆ ಕೊಟ್ಟರೆ ಉಳಿದದ್ದು ಮತ್ತೆ ಬೆಳೆಯುತ್ತದೆ. ಹೃದಯದಲ್ಲಿ ಹಾಗಾಗುವುದಿಲ್ಲ. ಸತ್ತ ಸ್ನಾಯುವಿನ ಜಾಗದಲ್ಲಿ ಗಟ್ಟಿ ನಾರಿನ ಕಲೆ ಬರುತ್ತದೆ. ಕಲೆ ಬಡಿಯುವುದಿಲ್ಲ. ಆದರೆ ಅದು ನಿರುಪಯೋಗಿಯೂ ಅಲ್ಲ. ಆ ಕಲೆ ಕೂಡಿಕೊಳ್ಳದಿದ್ದರೆ ಸತ್ತ ಗೋಡೆ ಒಡೆದು ಮನುಷ್ಯ ಅಂದೇ ಸಾಯಬಹುದಿತ್ತು. ಕಲೆ ಗೋಡೆಯನ್ನು ಹಿಡಿದಿಡುತ್ತದೆ, ಉಳಿದ ಸ್ನಾಯು ಅದರ ಪಾಲಿನ ಕೆಲಸವನ್ನೂ ಹೊತ್ತುಕೊಳ್ಳುತ್ತದೆ. ಹೀಗೆ ಹೆಚ್ಚಿನ ಭಾರ ಹೊತ್ತು ಹೊತ್ತು ಉಳಿದದ್ದೂ ವರ್ಷಗಳಲ್ಲಿ ಸೋಲುತ್ತದೆ. ಪಂಪಿಂಗ್ ಕಡಿಮೆ ಎಂದು ನಮಗೆ ಹೇಳುವುದು ಬಹಳ ಸಲ ಇದನ್ನೇ.

ಸೊನ್ನೆ ಅಲ್ಲ, ಆದರೆ ಬಹಳ ಕಡಿಮೆ

ಹುಟ್ಟಿದಾಗ ಬಂದ ಹೃದಯಕೋಶಗಳೇ ಸಾಯುವವರೆಗೆ, ಹೊಸದು ಒಂದೂ ಹುಟ್ಟುವುದಿಲ್ಲ ಎಂದು ವೈದ್ಯಕೀಯ ಪುಸ್ತಕಗಳು ಬಹುಕಾಲ ಹೇಳುತ್ತಿದ್ದವು. ಇದನ್ನು ಅಳೆದು ನೋಡಲು ಒಂದು ವಿಚಿತ್ರ ದಾರಿ ಸಿಕ್ಕಿತು. 1950ರ ಮತ್ತು 60ರ ದಶಕಗಳಲ್ಲಿ ದೊಡ್ಡ ರಾಷ್ಟ್ರಗಳು ಬಯಲಿನಲ್ಲಿ ಪರಮಾಣು ಬಾಂಬುಗಳನ್ನು ಸಿಡಿಸಿ ಪರೀಕ್ಷಿಸಿದವು. ಅದರಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಹೆಚ್ಚುಕಡಿಮೆ ಎರಡು ಪಟ್ಟಾಯಿತು. 1963ರಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ ಮತ್ತು ಬ್ರಿಟನ್ ಅಂಥ ಪರೀಕ್ಷೆಗಳನ್ನು ನಿಲ್ಲಿಸುವ ಒಪ್ಪಂದ ಮಾಡಿಕೊಂಡ ಮೇಲೆ ಅದು ವರ್ಷ ವರ್ಷ ಇಳಿಯುತ್ತ ಬಂತು. ಗಾಳಿಯ ಇಂಗಾಲ ಬೆಳೆಗೆ, ಬೆಳೆಯಿಂದ ನಮ್ಮ ಅನ್ನಕ್ಕೆ, ಅನ್ನದಿಂದ ನಮ್ಮ ಮೈಗೆ ಸೇರುತ್ತದೆ. ಒಂದು ಕೋಶ ಹುಟ್ಟುವಾಗ ಅದರ ಡಿಎನ್‌ಎಯಲ್ಲಿ ಆ ವರ್ಷದ ಇಂಗಾಲದ ಪ್ರಮಾಣ ಉಳಿದುಕೊಳ್ಳುತ್ತದೆ. ಅದನ್ನು ಅಳೆದರೆ ಕೋಶ ಹುಟ್ಟಿದ ವರ್ಷ ತಿಳಿಯುತ್ತದೆ.

ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದ ಕರೋಲಿನ್‌ಸ್ಕಾ ಸಂಸ್ಥೆಯ ಯೋನಾಸ್ ಫ್ರಿಸೇನ್ ಮತ್ತು ಸಂಗಡಿಗರು ತೀರಿಕೊಂಡವರ ಹೃದಯಗಳನ್ನು ಹೀಗೆ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೃದಯದ ಸ್ನಾಯುಕೋಶಗಳು ಹೊಸದಾಗಿ ಹುಟ್ಟುವುದು ನಿಜ. ಇಪ್ಪತ್ತೈದರ ವಯಸ್ಸಿನಲ್ಲಿ ವರ್ಷಕ್ಕೆ ನೂರರಲ್ಲಿ ಒಂದು ಹೊಸದಾಗುತ್ತದೆ. ಎಪ್ಪತ್ತೈದರಲ್ಲಿ ಅದು ಶೇಕಡ 0.45ಕ್ಕೆ ಇಳಿಯುತ್ತದೆ. ಇಡೀ ಬಾಳಿನಲ್ಲಿ ಬದಲಾಗುವ ಕೋಶಗಳು ಅರ್ಧಕ್ಕಿಂತಲೂ ಕಡಿಮೆ.

ಇದನ್ನೇ ಒಂದು ಲೆಕ್ಕವಾಗಿ ನೋಡೋಣ. ಎಡ ಹೃತ್ಕುಕ್ಷಿಯಲ್ಲಿ ಸುಮಾರು 300 ಕೋಟಿ ಸ್ನಾಯುಕೋಶಗಳಿವೆ. ಎಪ್ಪತ್ತೈದರ ವೃದ್ಧರಲ್ಲಿ ವರ್ಷಕ್ಕೆ ಸುಮಾರು 1 ಕೋಟಿ 35 ಲಕ್ಷ, ದಿನಕ್ಕೆ 35 ಸಾವಿರಕ್ಕೂ ಹೆಚ್ಚು ಹೊಸ ಕೋಶಗಳು ಹುಟ್ಟುತ್ತವೆ ಎಂದಾಯಿತು. ಆದರೆ ಒಂದು ದೊಡ್ಡ ಹೃದಯಾಘಾತದಲ್ಲಿ 100 ಕೋಟಿಯಷ್ಟು ಕೋಶಗಳು ಸಾಯಬಲ್ಲವು. ಹೊಸದಾಗಿ ಹುಟ್ಟುವುದನ್ನೆಲ್ಲ ಆ ನಷ್ಟ ತುಂಬಲಿಕ್ಕೇ ಮೀಸಲಿಟ್ಟರೂ ಎಪ್ಪತ್ತಕ್ಕೂ ಹೆಚ್ಚು ವರ್ಷ ಬೇಕು. ಈ ಲೆಕ್ಕದಲ್ಲಿ ಎರಡು ಮಾತಿವೆ, ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಬೇಕು. ಮುದಿ ಹೃದಯವೂ ಪ್ರತಿದಿನ ಹೊಸದಾಗುತ್ತಿದೆ, ಆದ್ದರಿಂದ ನಿರಾಶೆ ಸಲ್ಲದು. ಆದರೆ ಸತ್ತದ್ದನ್ನು ಅದು ತಾನಾಗಿ ಮರಳಿ ಕಟ್ಟಲಾರದು, ಆದ್ದರಿಂದ ಸುಳ್ಳು ಭರವಸೆಯೂ ಸಲ್ಲದು.

ಹೃದಯಕ್ಕೆ ಏಕೆ ಈ ಬಡತನ? ನಮ್ಮ ಉಪಖಂಡದ ಹಳ್ಳಗಳಲ್ಲಿ, ಗದ್ದೆಯ ನೀರಿನಲ್ಲಿ ಬಾಳುವ, ಮನೆಯ ಗಾಜಿನ ತೊಟ್ಟಿಗಳಲ್ಲೂ ಸಾಕುವ ಜೀಬ್ರಾ ಮೀನಿಗೆ ಈ ಬಡತನವಿಲ್ಲ. ಅದರ ಹೃತ್ಕುಕ್ಷಿಯ ಐದನೇ ಒಂದು ಭಾಗವನ್ನು ಕತ್ತರಿಸಿದರೂ ಎರಡು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆಂದು 2002ರಲ್ಲಿ ತಿಳಿಯಿತು. ಒಂದು ದಿನದ ಇಲಿಮರಿಯ ಹೃದಯವೂ ಹೀಗೆ ಬೆಳೆಯುತ್ತದೆ, ಏಳು ದಿನವಾಗುವಷ್ಟರಲ್ಲಿ ಆ ಶಕ್ತಿ ಹೋಗಿಬಿಡುತ್ತದೆಂದು 2011ರಲ್ಲಿ ಗೊತ್ತಾಯಿತು. ಹುಟ್ಟಿದ ಮೇಲೆ ಹೃದಯದ ಮೇಲಿನ ಒತ್ತಡ ಏರುತ್ತದೆ, ಕೋಶಗಳು ಎಳೆಯುವ ಹಗ್ಗಗಳಂಥ ರಚನೆಗಳನ್ನು ಒಳಗೆ ಬಿಗಿಯಾಗಿ ಜೋಡಿಸಿಕೊಳ್ಳುತ್ತವೆ. ಕೋಶವೊಂದು ಎರಡಾಗಬೇಕಾದರೆ ಆ ಹಗ್ಗಗಳನ್ನು ಬಿಚ್ಚಬೇಕು. ಬಿಚ್ಚಿದರೆ ದುಡಿಯಲಾಗದು, ದುಡಿಯುತ್ತಿದ್ದರೆ ಬಿಚ್ಚಲಾಗದು. ಸಂಸಾರದ ಹೊರೆ ಹೊತ್ತ ಯಾವ ತಾಯಿಗೂ ತಂದೆಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಾರ ಬೆಲೆಗೆ?

ಹೃದಯವನ್ನು ಹೊಸದಾಗಿಸಬೇಕೆಂಬ ಬಯಕೆ ತಪ್ಪಲ್ಲ. ರೋಗವನ್ನು ಗುಣಪಡಿಸುವ ವಿದ್ಯೆಯನ್ನು ಧರ್ಮಸಭೆ ಎಂದೂ ಗೌರವಿಸಿದೆ. ನಮ್ಮ ಬೆಂಗಳೂರಿನ ಸಂತ ಜಾನರ ವೈದ್ಯಕೀಯ ಕಾಲೇಜು ಅದಕ್ಕೆ ಸಾಕ್ಷಿ. ಪ್ರಶ್ನೆ ಇರುವುದು ದಾರಿಯಲ್ಲಿ.

ಮೊದಲನೆಯದು ಸುಳ್ಳಿನ ದಾರಿ. ಹೃದಯದಲ್ಲಿ ಆಕರಕೋಶಗಳಿವೆ, ಅವುಗಳಿಂದ ಅಥವಾ ಮೂಳೆಮಜ್ಜೆಯ ಕೋಶಗಳಿಂದ ಸತ್ತ ಸ್ನಾಯುವನ್ನು ಮರಳಿ ಬೆಳೆಸಬಹುದು ಎಂದು 2001ರಿಂದ ಅಮೆರಿಕದಲ್ಲಿ ಡಾ. ಪಿಯೆರೊ ಅನ್ವೆರ್ಸಾ ಅವರ ಪ್ರಯೋಗಾಲಯ ಸಾರುತ್ತ ಬಂತು. ಜಗತ್ತೆಲ್ಲ ಅದನ್ನು ನಂಬಿ ಹಣ, ಶ್ರಮ ಸುರಿಯಿತು. ರೋಗಿಗಳ ಮೇಲೂ ಪರೀಕ್ಷೆಗಳು ನಡೆದವು. ಕೊನೆಗೆ 2018ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯೂ ಅದರ ಆಸ್ಪತ್ರೆಯೂ ತನಿಖೆ ನಡೆಸಿ, ಆ ಪ್ರಯೋಗಾಲಯದ 31 ಲೇಖನಗಳಲ್ಲಿ ತಿರುಚಿದ ಇಲ್ಲವೆ ಕಟ್ಟಿದ ಅಂಕಿ ಅಂಶಗಳಿವೆ, ಅವುಗಳನ್ನು ಹಿಂದೆಗೆದುಕೊಳ್ಳಬೇಕು ಎಂದವು. ಸುಳ್ಳು ಸಾಕ್ಷಿ ಹೇಳಬಾರದೆಂಬ ಆಜ್ಞೆ ಪ್ರಯೋಗಾಲಯಕ್ಕೂ ಅನ್ವಯಿಸುತ್ತದೆ. ಏಕೆಂದರೆ ಆ ಸಾಕ್ಷಿಯನ್ನು ನಂಬಿ ಹಾಸಿಗೆಯ ಮೇಲೆ ಒಬ್ಬ ರೋಗಿ ಮಲಗಿರುತ್ತಾನೆ.

ಅದೇ ಸುಳ್ಳು ನಮ್ಮ ಬೀದಿಗೂ ಬರುತ್ತದೆ. ಲಕ್ಷಗಟ್ಟಲೆ ಕೊಟ್ಟರೆ ಸ್ಟೆಮ್ ಸೆಲ್ ಚುಚ್ಚಿ ಹೃದಯವನ್ನು ಹೊಸದು ಮಾಡುತ್ತೇವೆ ಎನ್ನುವವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತದ ಕಾಯಿಲೆಗಳಂಥವುಗಳಿಗೆ ಮಾಡುವ ಮಜ್ಜೆಯ ಕಸಿ ಒಪ್ಪಿತ ಚಿಕಿತ್ಸೆ. ಹೃದಯಕ್ಕಾಗಿ ಇಂಥ ಕೋಶಗಳನ್ನು ಬಳಸುವುದು ಅನುಮತಿ ಪಡೆದ ಸಂಶೋಧನೆಯ ಒಳಗೆ ಮಾತ್ರ ಆಗಬೇಕು, ಅದಕ್ಕಾಗಿ ರೋಗಿಯಿಂದ ಹಣ ಪಡೆಯುವಂತಿಲ್ಲ. ತಾತನ ಹೆಸರಿನ ಸೈಟು ಮಾರಿ ಇಂಥದ್ದಕ್ಕೆ ಹಣ ಕಟ್ಟುವ ಮುನ್ನ ಮಕ್ಕಳು ಈ ಎರಡು ಸಾಲುಗಳನ್ನು ಓದಿಕೊಳ್ಳಲಿ.

ಎರಡನೆಯದು ಇನ್ನೊಂದು ಜೀವವನ್ನು ತೆಗೆಯುವ ದಾರಿ. ಮಾನವ ಭ್ರೂಣದಿಂದ ಆಕರಕೋಶ ತೆಗೆದರೆ ಆ ಭ್ರೂಣ ಸಾಯುತ್ತದೆ. ಧರ್ಮಸಭೆ ಇದನ್ನು ಒಪ್ಪಿಲ್ಲ. 2008ರಲ್ಲಿ ವ್ಯಾಟಿಕನ್ ಹೊರಡಿಸಿದ 'ದಿಗ್ನಿತಾಸ್ ಪೆರ್ಸೋನೆ' ಎಂಬ ಬೋಧನೆ ಈ ಗೆರೆಯನ್ನು ಬಿಡಿಸಿ ತೋರಿಸಿತು. ವಯಸ್ಕರ ದೇಹದಿಂದ, ಹೆರಿಗೆಯ ಹೊತ್ತಿನ ಹೊಕ್ಕುಳಬಳ್ಳಿಯ ರಕ್ತದಿಂದ ಕೋಶ ಪಡೆಯುವುದು ತಪ್ಪಲ್ಲ, ಜೀವಂತ ಭ್ರೂಣದಿಂದ ಪಡೆಯುವುದು ತಪ್ಪು. ಇದನ್ನು ಕೇಳಿ ಕೆಲವರು, ಧರ್ಮಸಭೆ ವಿಜ್ಞಾನಕ್ಕೆ ಅಡ್ಡಗಾಲು ಹಾಕುತ್ತದೆ ಎಂದರು. ಆದರೆ ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಸಾಮಾನ್ಯ ಚರ್ಮಕೋಶಗಳನ್ನೇ ಹಿಂದಿರುಗಿಸಿ ಭ್ರೂಣಕೋಶದಂತೆ ಮಾಡುವ ವಿಧಾನ ಕಂಡುಹಿಡಿದರು. 2012ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಅಂಥ ಕೋಶಗಳಿಂದ ಬೆಳೆಸಿದ ಹೃದಯಸ್ನಾಯುವನ್ನು ತಟ್ಟೆಯಲ್ಲಿ ಬಡಿಯುವಂತೆ ಮಾಡಬಹುದು. ಅದನ್ನು ತೇಪೆಯಂತೆ ರೋಗಿಯ ಹೃದಯದ ಮೇಲೆ ಹಚ್ಚಿ ನೋಡುವ ಪರೀಕ್ಷೆಗಳು ಜಪಾನಿನಲ್ಲೂ ಜರ್ಮನಿಯಲ್ಲೂ ನಡೆದಿವೆ. ಯಾರನ್ನೂ ಕೊಲ್ಲದ ದಾರಿಯನ್ನು ಹುಡುಕಿದವರಿಗೆ ದಾರಿ ಸಿಕ್ಕಿತು. ಅದು ಊರಿನ ಆಸ್ಪತ್ರೆಯ ಮದ್ದಾಗಿ ಎಲ್ಲರಿಗೂ ಸಿಗುವಷ್ಟು ಇನ್ನೂ ಪಕ್ವವಾಗಿಲ್ಲ, ಅಷ್ಟೇ.

ಮೂರನೆಯದು ದಾನದ ದಾರಿ. 2014ರ ಸೆಪ್ಟೆಂಬರ್ 3ರಂದು ನಮ್ಮ ಪಶ್ಚಿಮ ಬೆಂಗಳೂರಿನ ಕೆಂಗೇರಿಯಲ್ಲಿರುವ ಬಿಜಿಎಸ್ ಗ್ಲೋಬಲ್ ಆಸ್ಪತ್ರೆಯಿಂದ, ಮಿದುಳು ಸಾವಿಗೀಡಾಗಿದ್ದ ಯುವತಿಯೊಬ್ಬರ ಹೃದಯವನ್ನು ಚೆನ್ನೈನ ಫೋರ್ಟಿಸ್ ಮಲರ್ ಆಸ್ಪತ್ರೆಗೆ ಒಯ್ದರು. ಪೊಲೀಸರು ರಸ್ತೆಯುದ್ದಕ್ಕೂ ವಾಹನಗಳನ್ನು ತಡೆದು ಆಂಬುಲೆನ್ಸಿಗೆ ದಾರಿ ಬಿಡಿಸಿದರು. ಹೊರತೆಗೆದ ಹೃದಯ ಸಾಮಾನ್ಯವಾಗಿ ನಾಲ್ಕು ಗಂಟೆಯೊಳಗೆ ಇನ್ನೊಂದು ಎದೆಯಲ್ಲಿ ಬಡಿಯಬೇಕು.

ಕಣ್ಣಿನ ಕತೆ ಬೇರೆ. ಕಣ್ಣಿನ ಮುಂಭಾಗದ ಕಾರ್ನಿಯದಲ್ಲಿ ರಕ್ತನಾಳಗಳಿಲ್ಲ, ಅದು ಗಾಳಿಯಿಂದಲೇ ಆಮ್ಲಜನಕ ಪಡೆಯುತ್ತದೆ. ಹಾಗಾಗಿ ಹೃದಯ ನಿಂತು ಕೆಲವು ಗಂಟೆಗಳಾದ ಮೇಲೂ ಅದನ್ನು ದಾನ ಕೊಡಬಹುದು. 2021ರ ಅಕ್ಟೋಬರ್ 29ರಂದು 46ರ ವಯಸ್ಸಿನಲ್ಲಿ ಹೃದಯ ಸೋತು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ, ತಂದೆ ಡಾ. ರಾಜ್‌ಕುಮಾರ್ ಅವರಂತೆಯೇ ಅವರ ಕಣ್ಣುಗಳೂ ದಾನವಾದವು. ನಮ್ಮ ರಾಜಾಜಿನಗರದ ನಾರಾಯಣ ನೇತ್ರಾಲಯದಲ್ಲಿ ವೈದ್ಯರು ಪ್ರತಿ ಕಾರ್ನಿಯವನ್ನೂ ಎರಡು ಪದರಗಳಾಗಿ ಬಿಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟರು. ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ದಿನವೂ ಓಡಾಡುವ ನಮಗೆ ಇದು ದೂರದ ಸುದ್ದಿಯಲ್ಲ.

ಸಂತ ಎರಡನೆಯ ಜಾನ್ ಪೌಲರು 2000ದ ಆಗಸ್ಟ್‌ನಲ್ಲಿ ರೋಮಿನಲ್ಲಿ ಅಂಗಾಂಗ ಕಸಿ ವೈದ್ಯರ ಸಮ್ಮೇಳನದಲ್ಲಿ ಮಾತನಾಡಿ, ಅಂಗದಾನವನ್ನು ನಿಜವಾದ ಪ್ರೀತಿಯ ಕೃತ್ಯವೆಂದು ಮೆಚ್ಚಿದರು. ಅದು ಮನಃಪೂರ್ವಕವಾಗಿ ಕೊಟ್ಟದ್ದಾಗಿರಬೇಕು, ಮಾರಿದ್ದಾಗಿರಬಾರದು, ಸಾವು ಖಚಿತವಾದ ಮೇಲೆ ಮಾತ್ರ ತೆಗೆದದ್ದಾಗಿರಬೇಕು ಎಂಬ ಎಚ್ಚರಿಕೆಯನ್ನೂ ಕೊಟ್ಟರು. ಇಲ್ಲೇ ಎರಡನೆಯ ದಾರಿಗೂ ಮೂರನೆಯದಕ್ಕೂ ಇರುವ ವ್ಯತ್ಯಾಸ ತಿಳಿಯುತ್ತದೆ. ಎರಡರಲ್ಲೂ ಇನ್ನೊಬ್ಬರ ದೇಹದಿಂದಲೇ ನಮಗೆ ಬಾಳು ಬರುತ್ತದೆ. ಒಂದರಲ್ಲಿ ಕಸಿದುಕೊಳ್ಳುತ್ತೇವೆ, ಇನ್ನೊಂದರಲ್ಲಿ ಕೈಯೊಡ್ಡಿ ಪಡೆಯುತ್ತೇವೆ.

ಭಾರ ಇಳಿದಾಗ

ಈ ವಿಷಯದಲ್ಲಿ ಇತ್ತೀಚೆಗೆ ತಿಳಿದುಬಂದ ಒಂದು ಸಂಗತಿ ನಮ್ಮ ಕುಟುಂಬಗಳಿಗೆ ತೀರ ಹತ್ತಿರದ್ದು. ಹೃದಯ ಪೂರ್ತಿ ಸೋತವರಿಗೆ, ಕಸಿಗಾಗಿ ಕಾಯುವಾಗ, ಎದೆಯೊಳಗೆ ಒಂದು ಪುಟ್ಟ ಪಂಪನ್ನು ಅಳವಡಿಸುವುದುಂಟು. ಎಡ ಹೃತ್ಕುಕ್ಷಿ ಮಾಡಬೇಕಾದ ಕೆಲಸದ ದೊಡ್ಡ ಪಾಲನ್ನು ಆ ಪಂಪು ಮಾಡುತ್ತದೆ. ಅಂಥ ಕೆಲವು ರೋಗಿಗಳ ಸ್ವಂತ ಹೃದಯವೇ ಚೇತರಿಸಿಕೊಳ್ಳುವುದನ್ನು ವೈದ್ಯರು ಕಂಡಿದ್ದರು. ಜರ್ಮನಿ, ಸ್ವೀಡನ್, ಅಮೆರಿಕಗಳ ವಿಜ್ಞಾನಿಗಳು ಮೇಲೆ ಹೇಳಿದ ಕಾರ್ಬನ್-14ರ ವಿಧಾನದಿಂದಲೇ ಅವರ ಹೃದಯಕೋಶಗಳ ವಯಸ್ಸನ್ನು ಅಳೆದು 2024ರಲ್ಲಿ ಪ್ರಕಟಿಸಿದರು. ಸೋಲುತ್ತಿರುವ ಹೃದಯದಲ್ಲಿ ಹೊಸ ಕೋಶ ಹುಟ್ಟುವುದು ಆರೋಗ್ಯವಂತರಿಗಿಂತಲೂ ಎಷ್ಟೋ ಕಡಿಮೆ. ಆದರೆ ಪಂಪಿನ ನೆರವಿನಿಂದ ಚೇತರಿಸಿಕೊಂಡವರ ಹೃದಯದಲ್ಲಿ ಅದು ಆರೋಗ್ಯವಂತರಲ್ಲಿ ಇರುವುದಕ್ಕಿಂತ ಆರು ಪಟ್ಟಿಗೂ ಹೆಚ್ಚಾಗಿತ್ತು.

ಇದರ ಅರ್ಥವೇನು? ಹೊಸದಾಗುವ ಶಕ್ತಿ ಹೃದಯದಲ್ಲಿ ಸತ್ತಿರಲಿಲ್ಲ, ಅಡಗಿತ್ತು. ಹೊರೆ ಇಳಿಯಿತು, ಬಿಗಿದ ಹಗ್ಗ ಸಡಿಲವಾಯಿತು, ಆಗ ಅದು ಎಚ್ಚೆತ್ತಿರಬೇಕು ಎಂದು ಆ ವಿಜ್ಞಾನಿಗಳು ಎಣಿಸುತ್ತಾರೆ. ಇಲ್ಲಿ ಎಚ್ಚರಿಕೆಯ ಮಾತೂ ಬೇಕು. ಪಂಪು ಹಾಕಿದ ಎಲ್ಲರೂ ಚೇತರಿಸಿಕೊಳ್ಳುವುದಿಲ್ಲ, ಸ್ವಲ್ಪ ಜನ ಮಾತ್ರ. ಆ ಪಂಪು ನಮ್ಮಲ್ಲಿ ಬಹುಪಾಲು ಕುಟುಂಬಗಳ ಕೈಗೆಟುಕದಷ್ಟು ದುಬಾರಿ. ಪರೀಕ್ಷಿಸಿದ ರೋಗಿಗಳ ಸಂಖ್ಯೆಯೂ ಚಿಕ್ಕದು.

ಇನ್ನೂ ಒಂದು ಎಚ್ಚರಿಕೆ. ಮಾಂಸದ ಹೃದಯದಿಂದ ಮನಸ್ಸಿನ ಹೃದಯಕ್ಕೆ ಹಾರುವಾಗ ಕಾಲು ಜಾರುವುದು ಸುಲಭ. ಸ್ನಾಯುವಿಗೆ ಪುಣ್ಯಪಾಪ ಗೊತ್ತಿಲ್ಲ. ಸಂತರಿಗೂ ಹೃದಯಾಘಾತವಾಗುತ್ತದೆ, ನಿರ್ದಯಿಗಳು ತೊಂಬತ್ತು ವರ್ಷ ಬಾಳುತ್ತಾರೆ. ರೋಗಿಯನ್ನು ನೋಡಲು ಹೋದವರು "ನೀವು ಚಿಂತೆ ಜಾಸ್ತಿ ಮಾಡಿಕೊಂಡಿರಿ, ಅದಕ್ಕೇ ಹೀಗಾಯಿತು" ಎಂದೋ "ವಿಶ್ವಾಸ ಇದ್ದಿದ್ದರೆ ವಾಸಿಯಾಗುತ್ತಿತ್ತು" ಎಂದೋ ಹೇಳುವುದು ಕ್ರೌರ್ಯ. ಹುಟ್ಟುಕುರುಡನನ್ನು ಕಂಡು ಇವನ ಪಾಪವೋ ತಂದೆತಾಯಿಯ ಪಾಪವೋ ಎಂದು ಕೇಳಿದ ಶಿಷ್ಯರಿಗೆ ಯೇಸು ಎರಡೂ ಅಲ್ಲವೆಂದೇ ಉತ್ತರಿಸಿದರು.

ಆದರೂ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು. ಸೋತ ಹೃದಯಕ್ಕೆ "ಗಟ್ಟಿಯಾಗು" ಎಂದು ಗದರಿದರೆ ಅದು ಹೊಸದಾಗುವುದಿಲ್ಲ. ಇನ್ನೊಬ್ಬರು ಅದರ ಹೊರೆಗೆ ಹೆಗಲು ಕೊಟ್ಟಾಗ ಅದಕ್ಕೆ ಹೊಸದಾಗುವ ಅವಕಾಶ ಸಿಗುತ್ತದೆ. ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರಬೇಕೆಂದು ಸಂತ ಪೌಲರು ಗಲಾತ್ಯದವರಿಗೆ ಬರೆದ ಬುದ್ಧಿಮಾತು ಇದೇ. ಕಲ್ಲಿನ ಹೃದಯವನ್ನು ತೆಗೆದು ಮಾಂಸದ ಹೃದಯವನ್ನು ಕೊಡುವೆನೆಂದು ದೇವರು ಪ್ರವಾದಿ ಯೆಜೆಕಿಯೇಲರ ಮೂಲಕ ಮಾತು ಕೊಟ್ಟದ್ದನ್ನೂ ನೆನೆಯೋಣ. ಅಲ್ಲಿ ದೇವರು ಕಬ್ಬಿಣದ ಹೃದಯ ಕೊಡುತ್ತೇನೆ ಎನ್ನಲಿಲ್ಲ. ಮಾಂಸವೆಂದರೆ ನೋಯುವಂಥದ್ದು, ದಣಿಯುವಂಥದ್ದು, ಮುಪ್ಪಾಗುವಂಥದ್ದು. ಪುನರುತ್ಥಾನರಾದ ಯೇಸುವಿನ ದೇಹದಲ್ಲೂ ಗಾಯದ ಗುರುತುಗಳು ಉಳಿದಿದ್ದವು, ತೋಮರು ಅವನ್ನು ಕಂಡರು. ಹಾಗಿದ್ದಮೇಲೆ ಕಲೆ ಇರುವ ಹೃದಯವನ್ನು ಕೆಟ್ಟುಹೋದ ಹೃದಯ ಎಂದು ನಾವೇಕೆ ಎಣಿಸಬೇಕು?

ನಮ್ಮ ಮನೆಗಳಲ್ಲಿ

ಈಗ ಒಳಕೋಣೆಯಲ್ಲಿರುವ ತಾತನ ಕಡೆಗೆ ನೋಡೋಣ. ಅವರು ಹೊತ್ತಿರುವ ಹೊರೆಗಳು ಯಾವುವು? ಮೊಮ್ಮಗಳ ಕಾಲೇಜಿನ ಫೀಸು ತಮ್ಮ ಪಿಂಚಣಿಯಿಂದ ಹೋಗಬೇಕೆಂಬ ಚಿಂತೆ ಇರಬಹುದು. ಮನೆ ಭಾಗವಾದಾಗಿನಿಂದ ಮಾತು ಬಿಟ್ಟ ಇಬ್ಬರು ಮಕ್ಕಳ ನಡುವೆ ತಾವು ಸತ್ತ ಮೇಲೆ ಏನಾಗುತ್ತದೋ ಎಂಬ ಭಯ ಇರಬಹುದು. ತಾವು ಮನೆಗೆ ಭಾರವಾದೆವೆಂಬ ನಾಚಿಕೆಯಂತೂ ಬಹಳ ಹಿರಿಯರಲ್ಲಿ ಇದ್ದೇ ಇರುತ್ತದೆ. ಈ ಕೊನೆಯದು ಎಲ್ಲಕ್ಕಿಂತ ತೂಕದ್ದು, ಇದನ್ನು ಇಳಿಸಲು ಒಂದು ರೂಪಾಯಿಯೂ ಬೇಕಾಗಿಲ್ಲ. ಮಗ ದುಬಾರಿ ಚಿಕಿತ್ಸೆಯನ್ನು ಹುಡುಕುವ ಹುರುಪಿನಲ್ಲಿ ತಮ್ಮನಿಗೆ ಒಂದು ಫೋನು ಮಾಡಲು ಮರೆತಿರಬಹುದು.

ಎಷ್ಟು ಚಿಕಿತ್ಸೆ ಮಾಡಿಸಬೇಕು ಎಂಬ ಪ್ರಶ್ನೆಗೂ ಧರ್ಮಸಭೆ ದಾರಿ ತೋರಿಸಿದೆ. 1957ರ ನವೆಂಬರ್ 24ರಂದು ಜಗದ್ಗುರು ಹನ್ನೆರಡನೆಯ ಪಯಸ್‌ರವರು ವೈದ್ಯರಿಗೆ ಹೇಳಿದ ತತ್ತ್ವ ಇದು: ಜೀವವನ್ನು ಉಳಿಸಿಕೊಳ್ಳಲು ಸಾಮಾನ್ಯ ಸಾಧನಗಳನ್ನು ಬಳಸುವುದು ಕರ್ತವ್ಯ, ರೋಗಿಗೋ ಮನೆಯವರಿಗೋ ಮಿತಿಮೀರಿದ ಹೊರೆಯಾಗುವ ಸಾಧನಗಳನ್ನು ಬಳಸಲೇಬೇಕೆಂಬ ಕಡ್ಡಾಯವಿಲ್ಲ. ವ್ಯಾಟಿಕನ್‌ನ 1980ರ ಘೋಷಣೆ ಇದನ್ನೇ ಇನ್ನಷ್ಟು ಬಿಡಿಸಿತು. ಸಿಗುವ ಫಲಕ್ಕೂ ಪಡುವ ಪಾಡಿಗೂ ತಾಳೆ ಇದೆಯೇ ಎಂದು ತೂಗಿನೋಡಬೇಕು. ಸಾವನ್ನು ಬರಮಾಡಿಕೊಳ್ಳುವುದು ಒಂದು, ಬಂದ ಸಾವನ್ನು ಒಪ್ಪಿಕೊಳ್ಳುವುದು ಇನ್ನೊಂದು. ಎರಡನೆಯ ಜಾನ್ ಪೌಲರೇ ತಮ್ಮ ಕೊನೆಯ ದಿನಗಳಲ್ಲಿ ಮತ್ತೆ ಆಸ್ಪತ್ರೆಗೆ ಹೋಗದೆ ತಮ್ಮ ಕೋಣೆಯಲ್ಲೇ ಉಳಿದು 2005ರ ಏಪ್ರಿಲ್ 2ರಂದು ಕಣ್ಮುಚ್ಚಿದರು.

ಹಾಗಾಗಿ ಮೊದಲು ಮಾಡಬೇಕಾದದ್ದು ತಾತನನ್ನೇ ಕೇಳುವುದು. ಅವರ ಮಂಚದ ಪಕ್ಕದಲ್ಲೇ ನಿಂತು ಅವರ ಬಗ್ಗೆ ಬೇರೆಯವರೊಡನೆ ಮಾತನಾಡುವುದನ್ನು ಬಿಡೋಣ. ನಿಮಗೇನು ಬೇಕು, ಏನು ಬೇಡ, ಯಾವುದಕ್ಕೆ ಹೆದರಿಕೆ ಎಂದು ಕೇಳೋಣ. ರೋಗಿಗಳ ಅಭ್ಯಂಗ ಸಂಸ್ಕಾರಕ್ಕೆ ಗುರುಗಳನ್ನು ಕೊನೆಯ ಉಸಿರಿನವರೆಗೆ ಕಾದು ಕರೆಯಬೇಕಾಗಿಲ್ಲ, ರೋಗಿ ಕೂತು ಮಾತನಾಡುವ ಹೊತ್ತಿಗೇ ಕರೆಯಬಹುದು. ಧರ್ಮಕೇಂದ್ರದ ವಿನ್ಸೆಂಟ್ ದೆ ಪೌಲ್ ಸಭೆಯವರೋ ನೆರೆಯವರೋ ವಾರಕ್ಕೆ ಒಂದು ಮಧ್ಯಾಹ್ನ ತಾತನ ಜೊತೆ ಕೂತರೆ, ಹಗಲಿರುಳು ಸೇವೆ ಮಾಡುವ ಸೊಸೆಗೂ ಒಂದಿಷ್ಟು ಬಿಡುವು ಸಿಗುತ್ತದೆ. ದುಡಿಯುವ ಹೃದಯಕ್ಕೆ ಹೇಗೋ, ಆರೈಕೆ ಮಾಡುವವರಿಗೂ ಹಾಗೆ, ಹೊರೆ ಇಳಿಯದೆ ಚೇತರಿಕೆ ಇಲ್ಲ.

ಸಾಮಾನ್ಯ ಸಾಧನಗಳನ್ನಂತೂ ಯಾರೂ ಕಡೆಗಣಿಸಬಾರದು. ರಕ್ತದೊತ್ತಡ, ಸಕ್ಕರೆ ಹತೋಟಿಯಲ್ಲಿರಲಿ, ಉಪ್ಪು ಕಡಿಮೆಯಾಗಲಿ, ಬೀಡಿ ಸಿಗರೇಟು ಮನೆ ಬಿಟ್ಟು ಹೋಗಲಿ, ವೈದ್ಯರು ಬರೆದ ಮಾತ್ರೆ ತಪ್ಪದಿರಲಿ. ಎದೆ ಹಿಂಡಿದಂತಾದರೆ ಗ್ಯಾಸು ಎಂದುಕೊಂಡು ಸೋಡಾ ಕುಡಿದು ಮಲಗಬಾರದು. ನಾಳ ಕಟ್ಟಿದ ಮೊದಲ ಗಂಟೆಗಳಲ್ಲೇ ಹೆಚ್ಚು ಸ್ನಾಯು ಸಾಯುತ್ತದೆ. ಪುನೀತರ ಹೆಸರಿನಲ್ಲಿ ಕರ್ನಾಟಕ ಸರ್ಕಾರ 2023ರಲ್ಲಿ ಘೋಷಿಸಿದ 'ಹೃದಯ ಜ್ಯೋತಿ' ಯೋಜನೆ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡಲೆಂದು ಬಂದದ್ದು. ಊರಿನಲ್ಲಿರುವ ನಮ್ಮ ಬಂಧುಬಳಗಕ್ಕೆ ಇದನ್ನು ತಿಳಿಸೋಣ.

ಎಪ್ಪತ್ತೈದರ ಹೃದಯದಲ್ಲೂ ಇಂದು ಸಾವಿರಾರು ಹೊಸ ಕೋಶಗಳು ಹುಟ್ಟಿವೆ. ಯಾರೂ ಅದನ್ನು ಕಾಣುವುದಿಲ್ಲ, ಎಕೋ ಪರೀಕ್ಷೆಯ ರಿಪೋರ್ಟಿನಲ್ಲೂ ಅದು ಬರುವುದಿಲ್ಲ. ದೇವರು ಕೈಬಿಡದ ಆ ಹೃದಯವನ್ನು ನಾವೂ ಲೆಕ್ಕದಿಂದ ಬಿಟ್ಟುಬಿಡುವುದು ಬೇಡ. ಅದನ್ನು ಹೊಸದು ಮಾಡುವುದು ನಮ್ಮ ಕೈಯಲ್ಲಿಲ್ಲ. ಅದು ಹೊತ್ತಿರುವ ಭಾರದಲ್ಲಿ ಒಂದು ಪಾಲನ್ನು ಇಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಈ ಸಂಜೆ ಜಪಸರ ಮುಗಿದ ಮೇಲೆ, ಎದ್ದು ಹೋಗುವ ಮುಂಚೆ, ಆ ಪಾಲು ಯಾವುದೆಂದು ಮನೆಯವರೆಲ್ಲ ಕೂತು ಮಾತಾಡಿಕೊಳ್ಳಲಿ.